ಲಿಟಲ್ ವ್ಯಾಂಪೈರ್ ವಿಮೆನ್

ಲೂಯಿಸಾ ಮೇ ಆಲ್ಕಾಟ್ ಅವರ ‘ಲಿಟಲ್ ವಿಮೆನ್’ (1868–69) ಕಾದಂಬರಿಯನ್ನು ಭಯಾನಕ ಕಥೆಯಾಗಿ ಮರುಕಟ್ಟಿದ ಕೃತಿ. ಎಳೆಯ ಓದುಗರಿಗಾಗಿ ಬರೆದವರು ಅಮೆರಿಕದ ಲಿನ್ ಮೆಸ್ಸಿನಾ, ಪ್ರಕಟಣೆ 2010. ಮೂಲದ ನಾಲ್ವರು ಸೋದರಿಯರಾದ ಮೆಗ್, ಜೋ, ಬೆತ್, ಏಮಿ ಇಲ್ಲಿ ರಕ್ತಪಿಶಾಚಿಗಳು. ಆದರೂ ಮನುಷ್ಯರ ರಕ್ತ ಮುಟ್ಟರು. ಮೂಲದ ಸಂಯಮದ ಪಾಠಕ್ಕೆ ಈ ಕಲ್ಪನೆ ಸೊಗಸಾಗಿ ಒಗ್ಗಿದೆ.

ಭಯಾನಕ ರಸ ಆಲ್ಕಾಟ್ ಅವರಿಗೆ ಹೊರಗಿನದೇನಲ್ಲ. ಮೂಲ ಕಾದಂಬರಿಯಲ್ಲೇ ಜೋ ಹಣಕ್ಕಾಗಿ ಪತ್ರಿಕೆಗೆ ರೋಚಕ ಕಥೆಗಳನ್ನು ಬರೆಯುತ್ತಾಳೆ. ಅಂಥ ಬರಹವನ್ನು ಅವಳ ಗೆಳೆಯ ಪ್ರೊಫೆಸರ್ ಭಾಯರ್ ಖಂಡಿಸಿದ ಮೇಲೆ ನಾಚಿ ಎಲ್ಲವನ್ನೂ ಒಲೆಗೆ ತುರುಕುತ್ತಾಳೆ. ಆಲ್ಕಾಟ್ ಕೂಡ ಎ. ಎಂ. ಬರ್ನಾರ್ಡ್ ಎಂಬ ಗುಪ್ತನಾಮದಲ್ಲಿ ಇಂಥವನ್ನೇ ಬರೆದಿದ್ದರು. ಅವರ 1869ರ ‘ಲಾಸ್ಟ್ ಇನ್ ಎ ಪಿರಮಿಡ್’ ಕಥೆಯಲ್ಲಿ, ಮಮ್ಮಿಯ ಬಳಿ ಸಿಕ್ಕ ಬೀಜದಿಂದ ಅರಳಿದ ಹೂವನ್ನು ಮುಡಿದ ಮದುವಣಗಿತ್ತಿ ಜೀವಚ್ಛವವಾಗುತ್ತಾಳೆ.