ಸವಾಯ್ ಹಾಸ್ಯ ಗೀತನಾಟಕಗಳ ಧ್ವನಿಮುದ್ರಣ

ಡಬ್ಲ್ಯು. ಎಸ್. ಗಿಲ್ಬರ್ಟ್ (1836–1911) ಬರೆದು ಆರ್ಥರ್ ಸಲಿವನ್ (1842–1900) ಸಂಗೀತ ಕೂಡಿಸಿದ 14 ಹಾಸ್ಯ ಗೀತನಾಟಕಗಳು 1871ರಿಂದ 1896ರವರೆಗೆ ಲಂಡನ್ನಿನಲ್ಲಿ ರಂಗವೇರಿದವು. ಇವುಗಳನ್ನು ಬೆಳೆಸಿದ್ದು ರಿಚರ್ಡ್ ಡಾಯ್ಲಿ ಕಾರ್ಟ್‌ನ ನಾಟಕ ಕಂಪನಿ. ಈತ 1881ರಲ್ಲಿ ಕಟ್ಟಿಸಿದ ಸವಾಯ್ ಥಿಯೇಟರಿನಿಂದ ಇವುಗಳಿಗೆ ಸವಾಯ್ ನಾಟಕಗಳೆಂಬ ಹೆಸರು ಬಂತು. ಗ್ರಾಮಫೋನ್ ತಟ್ಟೆಗಳಲ್ಲಿ ಉಳಿದಿರುವುದು ಈ ಕಂಪನಿಯ ರಂಗಪರಂಪರೆಯೇ ಎಂಬ ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ತಟ್ಟೆಗಳ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಈ ನಂಬಿಕೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಗೊಂದಲ ಮೊದಲ ಹೆಜ್ಜೆಯಲ್ಲೇ ಇದೆ. 1888ರ ಅಕ್ಟೋಬರ್ 5ರಂದು ಲಂಡನ್ನಿನಲ್ಲಿ ಎಡಿಸನ್‌ನ ಪ್ರತಿನಿಧಿ ಕರ್ನಲ್ ಗೌರಾಡ್ ಏರ್ಪಡಿಸಿದ್ದ ಔತಣದಲ್ಲಿ ಸಲಿವನ್ ಫೋನೋಗ್ರಾಫಿನ ಮುಂದೆ ಮಾತಾಡಿದ. ಆ ಮೇಣದ ಉರುಳೆ ಉಳಿದಿದೆ. ಅದರಲ್ಲಿರುವುದು ಬರಿಯ ಮಾತು, ನಾಟಕದ ಹಾಡಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಪತ್ರಕರ್ತರಿಗೆ ಕೇಳಿಸಿದ ಸಲಿವನ್‌ನ 'ದಿ ಲಾಸ್ಟ್ ಕಾರ್ಡ್' ಕೂಡ ಬಿಡಿ ಹಾಡು. ಅದನ್ನು ಕಾರ್ನೆಟ್ ಮತ್ತು ಪಿಯಾನೊದಲ್ಲಿ ನುಡಿಸಿ ಮುದ್ರಿಸಲಾಗಿತ್ತು. ನಾಟಕದ ಹಾಡುಗಳಿಗೆ ಮಾರುಕಟ್ಟೆ ತೆರೆದದ್ದು 1898ರಲ್ಲಿ ಧ್ವನಿಮುದ್ರಣ ತಜ್ಞ ಫ್ರೆಡ್ ಗೈಸ್‌ಬರ್ಗ್ ಲಂಡನ್ನಿನಲ್ಲಿ ಧ್ವನಿಮುದ್ರಣ ಆರಂಭಿಸಿದ ಮೇಲೆ. 1902ರಲ್ಲಿ ಕಲ್ಕತ್ತಕ್ಕೆ ಬಂದು ಗಾಯಕಿ ಗೌಹರ್ ಜಾನ್‌ಳ ಹಾಡು ಹಿಡಿದವನೂ ಇವನೇ.

ಮೂಲ ಪಾತ್ರಧಾರಿಗಳ ದನಿ ಸಿಗುವುದು ತೀರ ಅಪರೂಪ. 1885ರ 'ಮಿಕಾಡೊ' ನಾಟಕದಲ್ಲಿ ಚಕ್ರವರ್ತಿಯ ಪಾತ್ರವನ್ನು ಮೊದಲು ಮಾಡಿದ ರಿಚರ್ಡ್ ಟೆಂಪಲ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿದ. ಕೊನೆಯ ಎರಡು ನಾಟಕಗಳಲ್ಲಿ ಪಾತ್ರ ಸೃಷ್ಟಿಸಿದ ವಾಲ್ಟರ್ ಪ್ಯಾಸ್ಮೋರ್ ಕೂಡ ತಟ್ಟೆಗಳಿಗೆ ಹಾಡಿದ. ಹಾಸ್ಯ ನಾಯಕನ ಪಾತ್ರಗಳಿಗೆಲ್ಲ ಅಚ್ಚು ಹಾಕಿದ ಜಾರ್ಜ್ ಗ್ರಾಸ್ಮಿತ್ (ನಿಧನ 1912) ಹಾಡಿರುವ ತಟ್ಟೆ ಮಾತ್ರ ಇದುವರೆಗೆ ಸಿಕ್ಕಿಲ್ಲ. ಈ ರಂಗಪರಂಪರೆಯ ದಾಖಲೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

1906ರಲ್ಲಿ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿ 'ಮಿಕಾಡೊ'ದ ಬಹುಪಾಲು ಹಾಡುಗಳನ್ನು ಹೊರತಂದಿತು. ಗುಂಪುಹಾಡುಗಳ ಲೇಬಲ್ಲಿನಲ್ಲಿ 'ಸಲಿವನ್ ಆಪರೆಟಿಕ್ ಪಾರ್ಟಿ' ಎಂದಷ್ಟೇ ಇರುತ್ತಿದ್ದುದರಿಂದ ಹಾಡಿದವರನ್ನು ಗುರುತಿಸುವ ಕೆಲಸ ಸಂಗ್ರಾಹಕರ ಪಾಲಿಗೆ ಬಂತು. ಮೈಕ್ ಇಲ್ಲದ ಕಾಲ ಅದು. ಬೆರಳೆಣಿಕೆಯ ಗಾಯಕರು ತಗಡಿನ ಕೊಳವೆಯ ಬಾಯಿಗೆ ಮುಖವಿಟ್ಟು ಇಡೀ ಮೇಳವಾಗಬೇಕಿತ್ತು. ತಂತಿವಾದ್ಯಗಳ ನಾದವನ್ನು ಕೊಳವೆ ಸರಿಯಾಗಿ ಹಿಡಿಯದ ಕಾರಣ ಡಬಲ್ ಬಾಸ್‌ನ ಭಾಗವನ್ನು ಟ್ಯೂಬಾ ಊದುತ್ತಿತ್ತು. 1907ರ ಸುಮಾರಿಗೆ ವಾಲ್ಟರ್ಡಾ ಕಂಪನಿ ಇದೇ ನಾಟಕದ ಹಾಡುಗಳನ್ನು ತಟ್ಟೆಯ ಜೊತೆ ಓಡುವ ಕಿರುಚಿತ್ರಗಳಾಗಿಯೂ ತೋರಿಸಿತು. ಮಾತಿನ ಚಿತ್ರಗಳು ಬರುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಇವು ಸಿನಿಮಾ ಹಾಡುಗಳಾಗಿದ್ದವು.

ರಿಚರ್ಡ್‌ನ ಮಗ ರೂಪರ್ಟ್ ಡಾಯ್ಲಿ ಕಾರ್ಟ್‌ನ ಒಪ್ಪಿಗೆ ಮತ್ತು ಮೇಲ್ವಿಚಾರಣೆಯಲ್ಲಿ ಎಚ್.ಎಂ.ವಿ. 1917ರಿಂದ 1925ರವರೆಗೆ ಒಂಬತ್ತು ನಾಟಕಗಳನ್ನು ಮುದ್ರಿಸಿತು. ಹಾಡಿದವರಲ್ಲಿ ಹೆಚ್ಚಿನವರು ಸ್ಟುಡಿಯೊ ಗಾಯಕರು. ಮೊದಲ 'ಮಿಕಾಡೊ' ಸೆಟ್ಟಿನಲ್ಲಿ ಒಂದೇ ಪಾತ್ರಕ್ಕೆ ಒಂದು ತಟ್ಟೆಯಲ್ಲಿ ಒಬ್ಬ, ಇನ್ನೊಂದರಲ್ಲಿ ಇನ್ನೊಬ್ಬ ಹಾಡಿದ್ದುಂಟು. ವಿದ್ಯುತ್ ಮುದ್ರಣ ಬಂದ ಮೇಲೆ ಕಂಪನಿಯ ನಟರಿಗೆ ಹೆಚ್ಚು ಅವಕಾಶ ಸಿಕ್ಕಿತು. 1926ರ 'ಮಿಕಾಡೊ'ದಲ್ಲಿ ಹೆನ್ರಿ ಲಿಟನ್ ಕೊ-ಕೊ ಪಾತ್ರವನ್ನು ಹಾಡಿದ. ಆದರೆ 1929ರ 'ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್' ತಟ್ಟೆಗಳಲ್ಲಿ, ರಂಗದ ಮೇಲೆ ಲಿಟನ್ ಮಾಡುತ್ತಿದ್ದ ಮೇಜರ್ ಜನರಲ್ ಪಾತ್ರವನ್ನು ಹಾಡಿದ್ದು ಜಾರ್ಜ್ ಬೇಕರ್. ಈತ ಕಂಪನಿಯ ಕಾಯಂ ಸದಸ್ಯನಾಗಿರಲೇ ಇಲ್ಲ. ಸ್ಪಷ್ಟ ಉಚ್ಚಾರ ಇವನ ದೊಡ್ಡ ಶಕ್ತಿ. ಪಟಪಟನೆ ಸಾಗುವ ಸಾಲಿನಲ್ಲೂ ಒಂದು ಅಕ್ಷರ ನುಂಗುವುದಿಲ್ಲ. ಸವಾಯ್ ಶೈಲಿಯೆಂದು ಎರಡು ತಲೆಮಾರಿನ ಕೇಳುಗರು ಮನಸ್ಸಿನಲ್ಲಿಟ್ಟುಕೊಂಡದ್ದು ಬಹುಮಟ್ಟಿಗೆ ಈ ಹೊರಗಿನವನ ದನಿಯನ್ನು. ಇದರಿಂದ ಬೇಕರ್‌ನ ಬೆಲೆ ಕಡಿಮೆಯಾಗುವುದಿಲ್ಲ. ತಟ್ಟೆಯನ್ನು ರಂಗಪ್ರಯೋಗದ ಪುರಾವೆಯಾಗಿ ಬಳಸುವವರು ಮಾತ್ರ ಎಚ್ಚರವಾಗಿರಬೇಕು.

ಚಲನಚಿತ್ರದ ಕಥೆಯೂ ಇದೇ. 1939ರ ಟೆಕ್ನಿಕಲರ್ 'ಮಿಕಾಡೊ' ಚಿತ್ರವನ್ನು ವಿಕ್ಟರ್ ಶರ್ಟ್ಸಿಂಗರ್ ನಿರ್ದೇಶಿಸಿದ. ಕಂಪನಿಯ ಮಾರ್ಟಿನ್ ಗ್ರೀನ್ ಮತ್ತು ಸಿಡ್ನಿ ಗ್ರಾನ್ವಿಲ್ ಅದರಲ್ಲಿದ್ದರೂ ನಾಯಕ ಅಮೆರಿಕದ ಗಾಯಕ ಕೆನ್ನಿ ಬೇಕರ್. ಹಲವು ಹಾಡುಗಳಿಗೆ ಕತ್ತರಿ ಬಿತ್ತು.

1949ರಿಂದ ಡೆಕ್ಕಾ ಸಂಸ್ಥೆ ಇಸಿಡೋರ್ ಗಾಡ್ಫ್ರಿಯ ನಿರ್ದೇಶನದಲ್ಲಿ ಡಾಯ್ಲಿ ಕಾರ್ಟ್ ಕಂಪನಿಯ ಕಲಾವಿದರಿಂದಲೇ ಹಾಡಿಸಿತು. ನಾಲ್ಕೂವರೆ ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುವ ಕಷ್ಟವನ್ನು ಎಲ್‌ಪಿ ತಪ್ಪಿಸಿತು. ಗಿಲ್ಬರ್ಟ್‌ನ ಕೃತಿಗಳ ಹಕ್ಕುಸ್ವಾಮ್ಯ 1961ರ ಕೊನೆಗೆ ಮುಗಿಯಿತು. ಅದಕ್ಕೂ ಮೊದಲೇ ಆರಂಭವಾಗಿದ್ದ ಇ.ಎಂ.ಐ. ಸಂಸ್ಥೆಯ ಸ್ಟೀರಿಯೊ ಮಾಲೆಯಲ್ಲಿ ಮಾಲ್ಕಂ ಸಾರ್ಜೆಂಟ್‌ನ ನಿರ್ದೇಶನದಲ್ಲಿ, ಎಪ್ಪತ್ತು ದಾಟಿದ ಜಾರ್ಜ್ ಬೇಕರ್ ಮತ್ತೆ ಮೇಜರ್ ಜನರಲ್ ಆಗಿ ಹಾಡಿದ.

ಹಳೆಯ ತಟ್ಟೆಗಳ ಮರುಮುದ್ರಣದಲ್ಲಿ ಇಂದಿಗೂ ತೀರದ ವಾದ ವೇಗದ್ದು. ಶತಮಾನದ ಆರಂಭದ ತಟ್ಟೆಗಳು ಕರಾರುವಾಕ್ಕಾಗಿ ನಿಮಿಷಕ್ಕೆ 78 ಸುತ್ತಿನಲ್ಲಿ ಮುದ್ರಿತವಾದವಲ್ಲ. ವೇಗ ಶೇಕಡಾ 6ರಷ್ಟು ಹೆಚ್ಚುಕಡಿಮೆಯಾದರೆ ಶ್ರುತಿ ಅರ್ಧ ಸ್ವರ ಸರಿಯುತ್ತದೆ, ಗಾಯಕನ ವಯಸ್ಸೇ ಬದಲಾದಂತೆ ಕೇಳುತ್ತದೆ. ಅಚ್ಚಾದ ಸ್ವರಲಿಪಿಯ ಶ್ರುತಿಗೆ ತಾಳೆ ನೋಡಿ ವೇಗ ಗೊತ್ತುಮಾಡುವುದು ರೂಢಿ. ಆದರೆ ಗಾಯಕರು ತಮ್ಮ ಕಂಠಕ್ಕೆ ಒಗ್ಗುವಂತೆ ಶ್ರುತಿ ಇಳಿಸಿಕೊಳ್ಳುತ್ತಿದ್ದ ಕಾರಣ ಟೆಂಪಲ್, ಪ್ಯಾಸ್ಮೋರರಂಥವರ ಒಂದೊಂದು ಮಗ್ಗುಲನ್ನೂ ಬೇರೆಯಾಗಿಯೇ ಕೇಳಿ ತೀರ್ಮಾನಿಸಬೇಕಾಗುತ್ತದೆ.