ಸಗಣಿ ಗೊಬ್ಬರ ಎಷ್ಟು ಹಾಕಿದರೂ ಹಾನಿಯಿಲ್ಲವೇ? ಹೊಲದ ಗೊಬ್ಬರಕ್ಕೂ ಕೆರೆಯ ಪಾಚಿಗೂ ಇರುವ ನಂಟು

"ರಾಸಾಯನಿಕ ಗೊಬ್ಬರ ವಿಷ. ಸಗಣಿ ಗೊಬ್ಬರ, ಕೋಳಿ ಗೊಬ್ಬರ ಎಷ್ಟು ಹಾಕಿದರೂ ಮಣ್ಣಿಗೂ ನೀರಿಗೂ ಹಾನಿಯಿಲ್ಲ." ಇಂಥ ಮಾತುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಇದರಲ್ಲಿ ಎಷ್ಟು ನಿಜ?

ಚುಟುಕಾಗಿ ಹೇಳುವುದಾದರೆ, ಅರ್ಧ ನಿಜ. ಕೊಟ್ಟಿಗೆ ಗೊಬ್ಬರ ಮಣ್ಣಿಗೆ ಒಳ್ಳೆಯದು ಎನ್ನುವುದರಲ್ಲಿ ಅನುಮಾನವಿಲ್ಲ. ಅದು ಮಣ್ಣನ್ನು ಸಡಿಲಗೊಳಿಸುತ್ತದೆ, ತೇವ ಹಿಡಿದಿಡುತ್ತದೆ. ಆದರೆ "ಎಷ್ಟು ಹಾಕಿದರೂ" ಎಂಬ ಮಾತು ತಪ್ಪು. ಅದಕ್ಕೆ ಕಾರಣ ಗೊಬ್ಬರದಲ್ಲಿರುವ ರಂಜಕ.

ರಂಜಕ ನೀರಿಗೆ ಸೇರಿದರೆ ಏನಾಗುತ್ತದೆ?

ರಂಜಕ ಬೆಳೆಗೆ ಬೇಕೇ ಬೇಕು. ಪಾಚಿಗೂ ಬೇಕು. ಸಾಮಾನ್ಯವಾಗಿ ಕೆರೆಯ ನೀರಿನಲ್ಲಿ ರಂಜಕ ಬಹಳ ಕಡಿಮೆ ಇರುವುದರಿಂದಲೇ ಪಾಚಿ ಮಿತಿಯಲ್ಲಿರುತ್ತದೆ. 1973ರಲ್ಲಿ ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂದು ಕೆರೆಯ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆ ಇಂಗಾಲ ಮತ್ತು ಸಾರಜನಕ ಹಾಕಿದರು. ಒಂದು ಕಡೆ ಮಾತ್ರ ಅದರ ಜೊತೆಗೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರು ಪಾಚಿಯಿಂದ ತುಂಬಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು.

ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನುಗಳು ಸಾಯುತ್ತವೆ. ಕೆಲವು ಜಾತಿಯ ನೀಲಿ-ಹಸಿರು ಪಾಚಿಗಳು ವಿಷವನ್ನೂ ಬಿಡುತ್ತವೆ. ಅಂಥ ನೀರು ಕುಡಿದ ದನ, ನಾಯಿಗಳು ಸತ್ತ ಘಟನೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಒಂದು ನಗರದ ನಲ್ಲಿ ನೀರೇ ನಿಂತಾಗ

2014ರ ಆಗಸ್ಟ್ 2ರಂದು ಅಮೆರಿಕದ ಓಹಾಯೊ ರಾಜ್ಯದ ಟೊಲೆಡೊ ನಗರದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿಗೆ "ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ" ಎಂಬ ಎಚ್ಚರಿಕೆ ಬಂತು. ಇರೀ ಸರೋವರದ ಪಾಚಿಯ ಮೈಕ್ರೊಸಿಸ್ಟಿನ್ ಎಂಬ ವಿಷ ಕುಡಿಯುವ ನೀರಿಗೆ ಸೇರಿತ್ತು. ಕುದಿಸಿದರೆ ಈ ವಿಷ ಹೋಗುವುದಿಲ್ಲ. ನೀರು ಆವಿಯಾಗಿ ವಿಷ ಇನ್ನಷ್ಟು ಗಟ್ಟಿಯಾಗುತ್ತದೆ. ಎಚ್ಚರಿಕೆ ಹಿಂದೆಗೆದದ್ದು ಆಗಸ್ಟ್ 4ರಂದು.

ಆ ಸರೋವರಕ್ಕೆ ರಂಜಕ ಹೊತ್ತು ತರುವುದು ಮುಖ್ಯವಾಗಿ ಮೌಮೀ ನದಿ. ಅದರ ದಂಡೆಯುದ್ದಕ್ಕೂ ಹೊಲಗಳೇ. ಚೀಲದ ಗೊಬ್ಬರ, ಜಾನುವಾರು ಗೊಬ್ಬರ ಎರಡರ ಪಾಲೂ ಅಲ್ಲಿತ್ತು. ಮರುವರ್ಷ ಓಹಾಯೊ ಒಂದು ಕಾನೂನು ತಂದಿತು: ಆ ಸರೋವರದ ಪಶ್ಚಿಮ ಭಾಗಕ್ಕೆ ನೀರು ಹರಿಸುವ ಪ್ರದೇಶದಲ್ಲಿ ಹೆಪ್ಪುಗಟ್ಟಿದ ಅಥವಾ ನೀರು ತುಂಬಿ ನಿಂತ ಹೊಲದ ಮೇಲೆ, ಇಲ್ಲವೇ 24 ಗಂಟೆಯೊಳಗೆ ಅರ್ಧ ಇಂಚಿಗಿಂತ ಹೆಚ್ಚು ಮಳೆ ಬರುವ ಸಾಧ್ಯತೆ ಶೇ 50ಕ್ಕಿಂತ ಹೆಚ್ಚಿದ್ದಾಗ ಗೊಬ್ಬರ ಎರಚುವಂತಿಲ್ಲ. ಮಣ್ಣಿನೊಳಗೆ ಸೇರಿಸುವುದಾದರೆ ವಿನಾಯಿತಿ ಇದೆ.

ಗೊಬ್ಬರದಲ್ಲಿ ರಂಜಕ ಹೆಚ್ಚಾಗುವುದು ಹೇಗೆ?

ಲೆಕ್ಕ ಸರಳ. ಗೊಬ್ಬರದ ಚೀಲದ ಮೇಲೆ ಬರೆಯುವ ಲೆಕ್ಕದಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇ 0.5 ಸಾರಜನಕ, ಶೇ 0.2 ರಂಜಕ ಇರುತ್ತದೆ. ಕೋಳಿ ಗೊಬ್ಬರದಲ್ಲಿ ಸುಮಾರು ಶೇ 3 ಸಾರಜನಕ, ಶೇ 2.6 ರಂಜಕ. ಒಂದು ಬೆಳೆಗೆ ಹೆಕ್ಟೇರಿಗೆ 150 ಕೆ.ಜಿ. ಸಾರಜನಕ, 75 ಕೆ.ಜಿ. ರಂಜಕ ಬೇಕು ಎಂದುಕೊಳ್ಳೋಣ. ಪೂರ್ತಿ ಸಾರಜನಕವನ್ನು ಕೋಳಿ ಗೊಬ್ಬರದಿಂದಲೇ ಕೊಡಲು 5 ಟನ್ ಹಾಕಬೇಕು. ಆಗ ರಂಜಕ 130 ಕೆ.ಜಿ. ಬೀಳುತ್ತದೆ. ಮಿಕ್ಕ 55 ಕೆ.ಜಿ. ಮಣ್ಣಿನಲ್ಲೇ ಉಳಿಯುತ್ತದೆ. ವರ್ಷ ವರ್ಷವೂ ಹೀಗೆ ಮಾಡಿದರೆ ಅದು ಕೂಡಿಕೊಳ್ಳುತ್ತಾ ಹೋಗಿ, ಮಳೆ ನೀರಿನಲ್ಲಿ ಕರಗಿ ಅಥವಾ ಕೊಚ್ಚಿಹೋಗುವ ಮಣ್ಣಿಗೆ ಅಂಟಿಕೊಂಡು ಹಳ್ಳ, ಕೆರೆ ಸೇರುತ್ತದೆ.

ಹಾಗೆಂದು ನಮ್ಮ ಎಲ್ಲ ಕೆರೆಗಳ ಪಾಚಿಗೂ ರೈತರನ್ನು ದೂರುವುದು ಸರಿಯಲ್ಲ. ಬೆಂಗಳೂರಿನಂಥ ನಗರಗಳ ಕೆರೆಗಳು ಕೆಡಲು ದೊಡ್ಡ ಕಾರಣ ಚರಂಡಿ ನೀರು. ನಮ್ಮ ಎಷ್ಟೋ ಹೊಲಗಳಿಗೆ ಗೊಬ್ಬರವೇ ಸಾಲದು ಎಂಬುದೂ ನಿಜ. ಕೋಳಿ ಫಾರಂ, ದೊಡ್ಡ ಡೇರಿಗಳ ಸುತ್ತ ಒಂದೇ ಜಾಗಕ್ಕೆ ಪದೇ ಪದೇ ಗೊಬ್ಬರ ಬೀಳುವಲ್ಲಿ ಎಚ್ಚರ ಬೇಕು.

ರೈತರು ಏನು ಮಾಡಬಹುದು?

• ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಂಜಕ "ಹೆಚ್ಚು" ಎಂದಿದ್ದರೆ ಗೊಬ್ಬರವನ್ನು ರಂಜಕದ ಲೆಕ್ಕದಲ್ಲಿ ಹಾಕಿ, ಕಡಿಮೆಯಾದ ಸಾರಜನಕವನ್ನು ಬೇರೆ ಮೂಲದಿಂದ ಕೊಡಿ. ಜೊತೆಗೆ ಡಿಎಪಿ ಸುರಿಯುವುದು ದುಡ್ಡು ದಂಡ.
• ಜೋರು ಮಳೆಯ ಮುನ್ಸೂಚನೆ ಇದ್ದಾಗ ಎರಚಬೇಡಿ. ಎರಚಿದ ಮೇಲೆ ಬೀಳುವ ಮೊದಲ ಮಳೆಯೇ ಹೆಚ್ಚು ರಂಜಕ ಕೊಚ್ಚಿಕೊಂಡು ಹೋಗುವುದು.
• ಗೊಬ್ಬರವನ್ನು ಹೊಲದಲ್ಲಿ ಗುಡ್ಡೆ ಹಾಕಿ ವಾರಗಟ್ಟಲೆ ಬಿಡಬೇಡಿ. ಹರಡಿದ ಕೂಡಲೇ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ. ಸಾರಜನಕವೂ ಗಾಳಿಗೆ ಹಾರಿಹೋಗುವುದಿಲ್ಲ.
• ಇಳಿಜಾರಿಗೆ ಅಡ್ಡಲಾಗಿ ಉಳಿ, ಬದು ಗಟ್ಟಿ ಮಾಡಿ. ಹಳ್ಳ, ಕೆರೆ, ಬಾವಿಯ ಅಂಚಿನಲ್ಲಿ ಹುಲ್ಲಿನ ಪಟ್ಟಿ ಬಿಡಿ, ಅಲ್ಲಿ ಗೊಬ್ಬರ ಹಾಕಬೇಡಿ.
• ತಿಪ್ಪೆಗೆ ಮಳೆ ನೀರು ಬೀಳದಂತೆ ಮೇಲೆ ಹೊದಿಕೆ ಇರಲಿ. ತಿಪ್ಪೆಯಿಂದ ಹರಿಯುವ ಕಪ್ಪು ನೀರು ಎಂದರೆ ಹರಿದುಹೋಗುತ್ತಿರುವ ಗೊಬ್ಬರವೇ.
• ಬೇಸಿಗೆಯಲ್ಲಿ ಕೆರೆ ಹೂಳು ಹೊಲಕ್ಕೆ ಹೊಡೆಯುವ ನಮ್ಮ ಹಳೆಯ ಪದ್ಧತಿ ಕೊಚ್ಚಿಹೋದ ಸತ್ವವನ್ನು ಮರಳಿ ತರುತ್ತದೆ. ಆದರೆ ಕಾರ್ಖಾನೆ, ಚರಂಡಿ ನೀರು ಸೇರುವ ಕೆರೆಯ ಹೂಳು ಬೇಡ.

ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಬಹುದು.

ಕೆರೆ ನೀರು ಹಸಿರು ಬಣ್ಣ ಬಳಿದಂತೆ ಕಂಡರೆ?

ದನಗಳನ್ನು ಅಲ್ಲಿ ನೀರಿಗೆ ಬಿಡಬೇಡಿ, ಮಕ್ಕಳನ್ನು ಈಜಲು ಕಳಿಸಬೇಡಿ. ಕುದಿಸಿ ಕುಡಿದರೆ ಸಾಕು ಎಂದುಕೊಳ್ಳಬೇಡಿ.

ನಮ್ಮ ತೀರ್ಪು: ಭಾಗಶಃ ನಿಜ. ಸಗಣಿ ಗೊಬ್ಬರ ಒಳ್ಳೆಯದು, ಆದರೆ ಅಳತೆ ಮತ್ತು ಸಮಯ ನೋಡಿ ಹಾಕಿದರೆ ಮಾತ್ರ. ಆ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಜೊತೆಗೆ ಇದನ್ನೂ ಕಳಿಸಿ.