ಆಟದ ಓಲೆಗರಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು ಇದೆ. ಬಂದ ನೆಂಟರು ಅದನ್ನು ಕಂಡು, ಕನ್ನಡ ಮಾಸ್ತರರ ಮನೆಯಲ್ಲವೇ, ಒಳಗೆ ಓಲೆಗರಿಗಳಿರಬೇಕೆಂದು ಗೌರವದಿಂದ ನೋಡುತ್ತಿದ್ದರು. ಆ ಭ್ರಮೆಯನ್ನು ಕೆಡಿಸಲು ನಾನೂ ಬಹಳ ದಿನ ಹೋಗಿರಲಿಲ್ಲ. ಈಚೆಗೆ ನನ್ನ ಹೆಂಡತಿಯೇ ಒಮ್ಮೆ ಟ್ರಂಕನ್ನು ತೆರೆದು ತೋರಿಸಿಬಿಟ್ಟಳು. ಒಳಗಿದ್ದವನು ಪಂಪನೂ ಅಲ್ಲ, ರನ್ನನೂ ಅಲ್ಲ. ಹಳದಿ, ಕಪ್ಪು, ಕೆಂಪು ಬಣ್ಣದ ಪ್ಲಾಸ್ಟಿಕ್ ಕ್ಯಾಸೆಟ್ಟುಗಳ ರಾಶಿ, ವಾಯರು ಹರಿದ ನಾಲ್ಕು ಟಿ.ವಿ. ಗೇಮುಗಳು, ಒಂದು ಆಟದ ಪಿಸ್ತೂಲು! "ಇವರ ಸಂಶೋಧನೆ ಇದು, ನೋಡ್ರಿ" ಎಂದಳು. ನೆಂಟರು ನಕ್ಕರು, ನಾನೂ ನಕ್ಕೆ. ಆದರೆ ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ಆ ಅರ್ಧ ನಿಜವನ್ನು ವಾಚಕರ ಮುಂದೆ ಅರಿಕೆ ಮಾಡಿಕೊಳ್ಳುವುದೇ ಈ ಬರಹದ ಉದ್ದೇಶ.

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಮನೆ ಮಾಡಿಕೊಂಡಿರುವುದು ರಾಣೆಬೆನ್ನೂರಿನಲ್ಲಿ. ಪಾಠ ಹೇಳಲು ಹೋಗುವುದು ಹಾವೇರಿಗೆ. ಮೂರೂ ಊರುಗಳು ಒಂದೇ ರೈಲುದಾರಿಯ ಮೇಲಿವೆ. ಬ್ಯಾಡಗಿ ಎಂದೊಡನೆ ಜನರಿಗೆ ನೆನಪಾಗುವುದು ಮೆಣಸಿನಕಾಯಿ. ಸುಗ್ಗಿಯ ದಿನಗಳಲ್ಲಿ ಪೇಟೆಯ ತುಂಬ ಕೆಂಪು ರಾಶಿ, ಗಾಳಿಯ ತುಂಬ ಘಾಟು. ೧೯೯೦ರ ದಶಕದ ನಡುವಿನಲ್ಲಿ, ನಾನು ಹೈಸ್ಕೂಲು ಓದುತ್ತಿದ್ದಾಗ, ಆ ಪೇಟೆಯ ಹತ್ತಿರದ ಓಣಿಯಲ್ಲಿ ವಿಡಿಯೋ ಗೇಮಿನ ಅಂಗಡಿಯೊಂದು ತೆರೆಯಿತು. ಅಂಗಡಿ ಎಂದರೆ ಒಂದು ಸಣ್ಣ ಖೋಲಿ, ಎರಡು ಟಿ.ವಿ., ಎರಡು ಬೆಂಚು. ಅರ್ಧ ತಾಸಿಗೆ ಎರಡು ರೂಪಾಯಿ. ಮೆಣಸಿನ ಘಾಟಿಗೆ ಸೀನುತ್ತಲೇ ನಾವು ಮಾರಿಯೋನಿಂದ ಕಂದಕ ಹಾರಿಸಿದೆವು. ಸೀನಿದ ಗಳಿಗೆಯಲ್ಲಿ ಕಂದಕಕ್ಕೆ ಬಿದ್ದು ಸತ್ತ ಮಾರಿಯೋಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಆ ಯಂತ್ರದ ವಂಶಾವಳಿ ಸ್ವಾರಸ್ಯವಾದದ್ದು. ಜಪಾನಿನ ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಹುಟ್ಟಿದ ನಿಂಟೆಂಡೊ ಸಂಸ್ಥೆ ಮೊದಲು ತಯಾರಿಸುತ್ತಿದ್ದುದು ಹೂವಿನ ಚಿತ್ರಗಳ ಇಸ್ಪೀಟೆಲೆಗಳನ್ನು. ಇದೇ ಸಂಸ್ಥೆ ೧೯೮೩ರ ಜುಲೈ ೧೫ರಂದು, ಮಾಸಾಯುಕಿ ಉಯೆಮುರ ಎಂಬ ಎಂಜಿನಿಯರರು ರೂಪಿಸಿದ 'ಫ್ಯಾಮಿಕಾಮ್' ಯಂತ್ರವನ್ನು ಮಾರುಕಟ್ಟೆಗೆ ತಂದಿತು. ೧೯೮೫ರ ಸೆಪ್ಟೆಂಬರಿನಲ್ಲಿ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರ 'ಸೂಪರ್ ಮಾರಿಯೋ ಬ್ರದರ್ಸ್' ಬಂದಿತು. ಈ ಇಡೀ ಆಟದ ಗಾತ್ರ ೪೦ ಕಿಲೋಬೈಟು. ಇಂದು ನಮ್ಮ ಮೊಬೈಲು ತೆಗೆಯುವ ಒಂದೇ ಒಂದು ಫೋಟೋ ಅದರ ಹತ್ತಾರು ಪಟ್ಟು ಜಾಗವನ್ನು ತಿನ್ನುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಸಂಸಾರ ನಡೆಸಬೇಕಾದವರು ಮಾಡಿದ ಜಾಣತನ ನೋಡಿರಿ: ಮಾರಿಯೋನ ತಲೆಯ ಮೇಲಿನ ಮೋಡಕ್ಕೂ ಕಾಲಬಳಿಯ ಪೊದೆಗೂ ಚಿತ್ರ ಒಂದೇ. ಬಿಳಿ ಬಣ್ಣ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಒಂದೇ ಪದವನ್ನು ಎರಡು ಅರ್ಥದಲ್ಲಿ ದುಡಿಸುವ ಶ್ಲೇಷಾಲಂಕಾರ ಇದಲ್ಲದೆ ಮತ್ತೇನು?

ಆದರೆ ಬ್ಯಾಡಗಿಗೆ ಬಂದದ್ದು ನಿಂಟೆಂಡೊ ಅಲ್ಲ, ಅದರ ನಕಲು. ತೈವಾನ್, ಹಾಂಗ್‌ಕಾಂಗ್ ಮೊದಲಾದ ಕಡೆಗಳಲ್ಲಿ ಆ ಯಂತ್ರದ ಒಳಗನ್ನೆಲ್ಲ ಒಂದೇ ಚಿಪ್ಪಿಗೆ ಇಳಿಸಿ, ಅಗ್ಗದ ಡಬ್ಬಿಯಲ್ಲಿಟ್ಟು, ಹತ್ತಾರು ಹೆಸರುಗಳಲ್ಲಿ ಲೋಕಕ್ಕೆಲ್ಲ ಹಂಚಿದರು. ಕ್ಯಾಸೆಟ್ಟಿನ ಮೇಲೆ '೯೯೯೯ ಆಟಗಳು' ಎಂದು ಅಚ್ಚಾಗಿರುತ್ತಿತ್ತು. ಎಣಿಸಿದರೆ ಹತ್ತೋ ಇಪ್ಪತ್ತೋ. ಉಳಿದವೆಲ್ಲ ಅವೇ ಆಟಗಳು, ಬೇರೆ ಹೆಸರು ಹೊತ್ತು ಬಂದವು. ಮೋಸವೇ ಸರಿ. ಆದರೆ ಆ ಮೋಸವಿಲ್ಲದಿದ್ದರೆ ಬ್ಯಾಡಗಿಯ ಹಮಾಲರ ಮಕ್ಕಳೂ ದಲಾಲರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಮಾರಿಯೋನನ್ನು ಕಾಣುತ್ತಿರಲಿಲ್ಲ. ಇದನ್ನೂ ಒಪ್ಪಬೇಕು.

ಮುಂದೆ ನಾನು ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ಓದುವಾಗ ಈ ಕ್ಯಾಸೆಟ್ಟುಗಳ ನೆನಪು ಮತ್ತೆ ಮತ್ತೆ ಬರುತ್ತಿತ್ತು. ಮೂಲಪ್ರತಿ, ನಕಲು, ನಕಲಿನ ನಕಲು, ಲಿಪಿಕಾರನ ಕೈತಪ್ಪು, ಪ್ರಕ್ಷೇಪ, ಪಾಠಾಂತರ ಇವೆಲ್ಲ ಅಲ್ಲಿಯೂ ಇದ್ದವು. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಕಾಡಿತು. ನಮ್ಮ ಓಲೆಗರಿಯ ಲಿಪಿಕಾರರಲ್ಲಿ ಎಷ್ಟೋ ಮಂದಿ ಕೊನೆಯಲ್ಲಿ ತಮ್ಮ ಹೆಸರು ಬರೆದು, ತಪ್ಪುಗಳನ್ನು ತಿದ್ದಿಕೊಳ್ಳಬೇಕೆಂದು ಬೇಡುತ್ತಿದ್ದರು. ಕ್ಯಾಸೆಟ್ಟಿನ ನಕಲುಗಾರರಾದರೋ ಮೊದಲ ಪರದೆಯ ಮೇಲಿದ್ದ ಸಂಸ್ಥೆಯ ಹೆಸರನ್ನೂ ವರ್ಷವನ್ನೂ ಅನೇಕ ವೇಳೆ ಅಳಿಸಿಯೇ ಬಿಡುತ್ತಿದ್ದರು. ಹೀಗಾಗಿ ನಾವು ಆಡಿದ ಆಟಗಳಿಗೆ ತಂದೆತಾಯಿ ಇರಲಿಲ್ಲ. 'ಕಾಂಟ್ರಾ' ಆಟದಲ್ಲಿ ಮೂವತ್ತು ಪ್ರಾಣ ಪಡೆಯಲು ಒಂದು ಮಂತ್ರವಿತ್ತು: ಎರಡು ಸಲ ಮೇಲೆ, ಎರಡು ಸಲ ಕೆಳಗೆ, ಎಡ ಬಲ, ಎಡ ಬಲ, ಮತ್ತೆ ಎರಡು ಗುಂಡಿ. ದೊಡ್ಡ ಹುಡುಗರು ಇದನ್ನು ಚಿಕ್ಕವರ ಕಿವಿಯಲ್ಲಿ ಉಪದೇಶ ಮಾಡುತ್ತಿದ್ದರು. ಇದನ್ನು ಕಟ್ಟಿದವರು ಕಝುಹಿಸಾ ಹಷಿಮೊಟೊ ಎಂಬುವರು. ೧೯೮೬ರ 'ಗ್ರೇಡಿಯಸ್' ಎಂಬ ಆಟ ತಮಗೇ ತೀರ ಕಷ್ಟವಾದ್ದರಿಂದ ಪರೀಕ್ಷಿಸಲೆಂದು ಈ ಉಪಾಯ ಹೂಡಿದರು. ಅವರ ಹೆಸರು ನನಗೆ ತಿಳಿದದ್ದು ೨೦೨೦ರಲ್ಲಿ, ಅವರು ತೀರಿಕೊಂಡ ಸುದ್ದಿಯ ಜೊತೆಗೆ.

ಇನ್ನು ನನ್ನ ತಪ್ಪೊಪ್ಪಿಗೆ. ನಮ್ಮ ಮನೆಯಲ್ಲಿ ಅಜ್ಜಿಯ ಒಂದು ಅಳಗುಳಿ ಮಣೆ ಇತ್ತು. ಎರಡು ಸಾಲು, ಸಾಲಿಗೆ ಏಳು ಗುಳಿ, ಆಡಲು ಹುಣಸೆಬೀಜ. ಅಜ್ಜಿ ಆಡುತ್ತಿದ್ದ ಆಟಕ್ಕೆ ಅವಳದೇ ಆದ ಕಟ್ಟಳೆಗಳಿದ್ದವು. ನಾಲ್ಕು ಬೀಜ ಕೂಡಿದ ಗುಳಿಯನ್ನು ಯಾರು ಯಾವಾಗ ಎತ್ತಬೇಕು, ಸೋತವರು ಮುಂದಿನ ಆಟದಲ್ಲಿ ಎಷ್ಟು ಗುಳಿಗಳನ್ನು ಬಿಟ್ಟುಕೊಡಬೇಕು ಎಂಬುದರಲ್ಲಿ ಅವಳ ಮಾತೇ ಶಾಸನ. ಅವಳು ತೀರಿಕೊಂಡ ವರ್ಷವೇ ನಮ್ಮ ಮನೆಗೆ ಟಿ.ವಿ. ಗೇಮು ಬಂದಿತು. ಅದನ್ನು ಇಡಲು ಜಾಗ ಬೇಕಾಯಿತು. ಹುಳು ಹಿಡಿದಿದ್ದ ಮಣೆಯನ್ನು ನೀರೊಲೆಗೆ ಒಡ್ಡಿದವನು ನಾನೇ. ಯಾರೂ ಬೇಡವೆನ್ನಲಿಲ್ಲ. ಮಣೆ ಹೋದರೆ ಹೋಗಲಿ, ಬಡಗಿ ಮತ್ತೊಂದನ್ನು ಮಾಡಿಕೊಟ್ಟಾನು. ಅಜ್ಜಿಯ ಕಟ್ಟಳೆಗಳನ್ನು ಮಾಡಿಕೊಡುವ ಬಡಗಿ ಎಲ್ಲಿದ್ದಾನೆ? ಟ್ರಂಕಿನೊಳಗಿನ ನನ್ನ ಸಂಗ್ರಹಕ್ಕೆ ಮೂಲ ಆ ನೀರೊಲೆಯ ಬೂದಿ.

ಆಟವನ್ನು ಸಂಗ್ರಹಿಸುವುದು ದೊಡ್ಡವರಿಗೆ ಒಪ್ಪುವ ಕೆಲಸವೇ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ತೋರಿಸುತ್ತೇನೆ. ಪಗಡೆಯ ಹಾಸಿನ ಮೇಲೆ ರಾಜ್ಯ ಕಳೆದುಕೊಂಡ ಧರ್ಮರಾಯನ ಕಥೆಯನ್ನು ಗದುಗಿನ ಕುಮಾರವ್ಯಾಸ ಹೇಳಿದ್ದಾನೆ. ರಾಜ್ಯ ಕಳೆದುಕೊಂಡ ಮೇಲೂ ಆಟದ ಹಾಸನ್ನು ಬಿಡದ ಅರಸರ ಕಥೆ ಮೈಸೂರಿನದು. ೧೮೩೧ರಲ್ಲಿ ಬ್ರಿಟಿಷರು ಅವರಿಂದ ಆಡಳಿತವನ್ನು ಕಿತ್ತುಕೊಂಡರು. ಆ ಬಳಿಕ ೧೮೬೮ರಲ್ಲಿ ಕಾಲವಾಗುವವರೆಗೆ ಅವರ ಪಾಲಿಗೆ ಉಳಿದದ್ದು ಅರಮನೆ, ವಿದ್ವಾಂಸರು ಮತ್ತು ಬಿಡುವು. ಅವರ ಆಶ್ರಯದಲ್ಲಿ ರಚಿತವಾದ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗ 'ಕೌತುಕನಿಧಿ'. ಅದು ಆಟಗಳಿಗೆ ಮೀಸಲು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಸಮಸ್ಯೆ ಅವರಿಗೆ ಬಲು ಪ್ರಿಯ. ಗಂಜೀಫಾ ಎಲೆಗಳಲ್ಲಿ ದೇವತೆಗಳ ಚಿತ್ರಗಳಿಂದ ಕೂಡಿದ ಹೊಸ ಹೊಸ ಆಟಗಳನ್ನು ಅವರೇ ಕಲ್ಪಿಸಿದರು. ಹೀಗೆ ಅವರು ಸಂಗ್ರಾಹಕರೂ ಹೌದು, ಆಟದ ಕರ್ತೃವೂ ಹೌದು. ಅವರು ತೀರಿಕೊಂಡ ೨೧ ವರ್ಷಕ್ಕೆ ಕ್ಯೋಟೋದಲ್ಲಿ ಇಸ್ಪೀಟೆಲೆಯ ಕಾರ್ಖಾನೆ ಹುಟ್ಟಿತು. ಅಲ್ಲಿ ಎಲೆಯಿಂದ ಯಂತ್ರದವರೆಗೆ ದಾರಿ ಬೆಳೆಯಿತು. ಇಲ್ಲಿ ದಾರಿ ಅರಮನೆಯಲ್ಲಿಯೇ ನಿಂತಿತು. ಆದರೂ ಅರಸರು ಬರೆಯಿಸಿಟ್ಟದ್ದರಿಂದ ಅವು ಉಳಿದವು. ಬರೆದಿಟ್ಟದ್ದು ಉಳಿಯುತ್ತದೆ ಎಂಬುದೇ ಇದರ ನೀತಿ.

ಸಂಗ್ರಹದಲ್ಲಿ ನನಗೆ ಕೆಲವು ನೇಮಗಳಿವೆ. ರಾಣೆಬೆನ್ನೂರಿನ ಗುಜರಿ ಅಂಗಡಿಗಳಲ್ಲಿ ರವಿವಾರದ ಒಂದು ಸುತ್ತು ತಪ್ಪಿಸುವುದಿಲ್ಲ. ಕೆಟ್ಟ ಕ್ಯಾಸೆಟ್ಟನ್ನೂ ಬಿಡುವುದಿಲ್ಲ. ಮುರಿದ ಓಲೆಯನ್ನು ಸಂಶೋಧಕನು ಎಸೆಯುತ್ತಾನೆಯೇ? ಎಲ್ಲಿ ಸಿಕ್ಕಿತು, ಯಾರ ಮನೆಯದು, ಅವರು ಆ ಆಟವನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡುತ್ತೇನೆ. ಕ್ಯಾಸೆಟ್ಟು ನಡೆಯದಿದ್ದಾಗ ನಾವು ಹುಡುಗರು ಅದರ ಬಾಯಿಗೆ ಉಫ್ ಎಂದು ಊದುತ್ತಿದ್ದೆವು. ಅದು ತಪ್ಪು, ಉಸಿರಿನ ತೇವಕ್ಕೆ ಒಳಗಿನ ತಾಮ್ರ ಕಿಲುಬು ಹಿಡಿಯುತ್ತದೆ. ಈಗ ಸ್ಪಿರಿಟಿನಲ್ಲಿ ಅದ್ದಿದ ಅರಳೆಯಿಂದ ಒರೆಸುತ್ತೇನೆ. ಹಿತ್ತಲ ಖೋಲಿಯಲ್ಲಿ ಒಂದು ಡುಬ್ಬದ ಟಿ.ವಿ. ಇದೆ. ಅದನ್ನು ಕೊಟ್ಟುಬಿಡಿರೆಂದು ಮನೆಯಲ್ಲಿ ವರ್ಷಕ್ಕೆರಡು ಸಲ ಠರಾವು ಆಗುತ್ತದೆ. ಆದರೆ ಬಾತುಕೋಳಿ ಹೊಡೆಯುವ ಆ ಪಿಸ್ತೂಲು ಹೊಸ ಟಿ.ವಿ.ಯ ಮುಂದೆ ಕುರುಡು. ಕುದುರೆ ಒತ್ತಿದ ಕ್ಷಣದಲ್ಲಿ ಪರದೆ ಕಪ್ಪಾಗಿ, ಹಕ್ಕಿಯಿದ್ದೆಡೆ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಪಿಸ್ತೂಲು ಗುಂಡು ಹಾರಿಸುವುದಿಲ್ಲ, ಆ ಬೆಳಕನ್ನು ನೋಡುತ್ತದೆ. ಈ ಲೆಕ್ಕ ಹಳೆಯ ಟಿ.ವಿ.ಯ ಚಿತ್ರನಳಿಕೆಗೆ ಮಾತ್ರ ಹೊಂದುತ್ತದೆ.

ಹಳೆಯದೆಲ್ಲ ಒಳ್ಳೆಯದೆಂಬ ಪಕ್ಷ ನನ್ನದಲ್ಲ. ನನ್ನ ಟ್ರಂಕಿನಲ್ಲಿ ಮುಕ್ಕಾಲು ಪಾಲು ಕಸ. ಅಮೆರಿಕದ ಅಟಾರಿ ಸಂಸ್ಥೆ ೧೯೮೨ರಲ್ಲಿ ಐದಾರು ವಾರಗಳಲ್ಲಿ ಮಾಡಿಸಿದ 'ಇ.ಟಿ.' ಎಂಬ ಆಟ ಮಾರಾಟವಾಗದೆ, ೧೯೮೩ರಲ್ಲಿ ನ್ಯೂ ಮೆಕ್ಸಿಕೋದ ತಿಪ್ಪೆಗುಂಡಿಯೊಂದರಲ್ಲಿ ಇತರ ಸರಕಿನೊಡನೆ ಹೂಳಲ್ಪಟ್ಟಿತು. ೨೦೧೪ರಲ್ಲಿ ಅದನ್ನು ಅಗೆದು ತೆಗೆದು ವಸ್ತುಸಂಗ್ರಹಾಲಯಗಳಲ್ಲಿಟ್ಟರು. ಕಸವೂ ಇತಿಹಾಸವೇ. ಆದರೆ ಒಳ್ಳೆಯ ಹಳೆಯ ಆಟದಲ್ಲಿ ಬಡತನವೇ ಗುಣವಾದದ್ದುಂಟು. ೧೯೭೮ರ 'ಸ್ಪೇಸ್ ಇನ್ವೇಡರ್ಸ್'ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ. ಕರ್ತೃ ತೊಮೊಹಿರೊ ನಿಶಿಕಾಡೊ ಅದನ್ನು ಮೊದಲು ಬಯಸಿರಲಿಲ್ಲ. ಬಿಡಿಸಬೇಕಾದ ಚಿತ್ರ ಕಡಿಮೆಯಾದಾಗ ಯಂತ್ರ ತಾನಾಗಿ ಚುರುಕಾಯಿತು. ಅವರು ಅದನ್ನು ತಿದ್ದದೆ ಬಿಟ್ಟರು. ಕಾವ್ಯದಲ್ಲಿಯೂ ಇಂಥ ವಿವೇಕ ಎಲ್ಲರಿಗೂ ಬರುವುದಿಲ್ಲ.

ಅಮೆರಿಕದಲ್ಲಿಯೇ, ೨೦೧೦ಕ್ಕಿಂತ ಮೊದಲು ಬಂದ ಹಳೆಯ ಆಟಗಳಲ್ಲಿ ಶೇಕಡಾ ೮೭ ಇಂದು ಅಂಗಡಿಯಲ್ಲಿ ಕೊಳ್ಳಲು ದೊರೆಯುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ತಿಳಿಸಿತು. ಎಲ್ಲಕ್ಕೂ ದಾಖಲೆಯಿರುವ ದೇಶದ ಮಾತು ಇದು. ಹೀಗಿರುವಾಗ ನಮ್ಮ ಓಣಿಯ ಆ ಅಂಗಡಿಯನ್ನು ನೆನೆಯುವವರಾರು? ಅದು ಮುಚ್ಚಿದ ಮೇಲೆ ಅಲ್ಲಿ ಮೊಬೈಲು ರಿಪೇರಿಯವರು ಬಂದರು. ಬೋರ್ಡೂ ಉಳಿಯಲಿಲ್ಲ, ಒಂದು ಫೋಟೋವೂ ಇಲ್ಲ. ಮನೆಮನೆ ಅಲೆದು ವಚನದ ಕಟ್ಟುಗಳನ್ನು ಕೂಡಿಸಿದ ಫ.ಗು. ಹಳಕಟ್ಟಿಯವರ ನಾಡು ಇದು. ವಚನವೆಲ್ಲಿ, ಮಾರಿಯೋ ಎಲ್ಲಿ! ಆದರೆ ತಿಪ್ಪೆಗೆ ಬೀಳುವ ಮುನ್ನ ಎತ್ತಿಕೊಳ್ಳಬೇಕೆಂಬ ಪಾಠವನ್ನು ಅಂಥವರಿಂದಲೇ ಕಲಿಯಬೇಕು.

ಕೂಡಿಡುವುದರಿಂದಲೇ ತೃಪ್ತಿಯಿಲ್ಲ, ಹೊಸದನ್ನು ಕಟ್ಟುವ ಆಸೆಯೂ ನನಗಿದೆ. ೧೯೯೭ರಲ್ಲಿ ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಎಂಬ ಗೇಮ್ ತಯಾರಿಸುವ ಸಂಸ್ಥೆ ಆರಂಭವಾಯಿತು. ಬೆಂಗಳೂರಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೇಕೆ ಆಗದು? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ಆಟವಾಗಿಸಬಹುದು: ಒಂದೇ ಗುಂಡಿ, ಒಂದೇ ನೆಗೆತ, ಅತ್ತ ತೋಳ, ಇತ್ತ ರೈತನ ಹೊಲ. ಸರ್ವಜ್ಞನು ಜೋಳಿಗೆ ಹಿಡಿದು ಊರೂರು ತಿರುಗುವ ಆಟವೂ ಆಗಬಹುದು. ನನಗೆ ಪ್ರಿಯವಾದದ್ದು ಮಾತ್ರ ಬ್ಯಾಡಗಿ ಪೇಟೆಯ ಆಟ. ಆಡುವವನು ಮೆಣಸಿನಕಾಯಿ ತಂದ ರೈತ. ಹಸಿಯಾಗಿ ಮಾರಿದರೆ ದರ ಸಿಗದು; ಒಣಗಿಸಿದರೆ ತೂಕ ಇಳಿಯುತ್ತದೆ; ಅತಿಯಾಗಿ ಒಣಗಿಸಿದರೆ ಬಣ್ಣ ಹೋಗುತ್ತದೆ; ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ಬಾಡಿಗೆ ಏರುತ್ತದೆ. ಇದನ್ನು ತರಗತಿಯಲ್ಲಿ ಒಮ್ಮೆ ಉತ್ಸಾಹದಿಂದ ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸರ, ಇದ್ರಾಗ ಗೆಲ್ಲೂದು ಹೆಂಗ್ರೀ?"

"ಅದನ್ನ ಇನ್ನೂ ವಿಚಾರ ಮಾಡಾಕತ್ತೇನಿ" ಎಂದೆ.

"ನಮ್ಮಪ್ಪನೂ ಅದನ್ನ ವಿಚಾರ ಮಾಡಾಕತ್ತಾನ್ರಿ" ಎಂದು ಕುಳಿತುಬಿಟ್ಟ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ಆ ಆಟ ವಹಿಯಲ್ಲಿ ಇನ್ನೂ ಅರ್ಧಕ್ಕೇ ನಿಂತಿದೆ.

ಕಳೆದ ದೀಪಾವಳಿಯಲ್ಲಿ ಸೋದರತ್ತೆಯ ಊರಿಗೆ ಹೋಗಿದ್ದೆ. ಎಂಬತ್ತು ದಾಟಿದ ಜೀವ. ಬಡಗಿಯಿಂದ ಮಾಡಿಸಿದ ಹೊಸ ಅಳಗುಳಿ ಮಣೆಯನ್ನು ಮುಂದಿಟ್ಟು, "ಅತ್ತಿ, ಅಜ್ಜಿ ಹೆಂಗ ಆಡ್ತಿದ್ದಳು, ತೋರಿಸು" ಎಂದೆ. "ಈಗ್ಯಾಕೋ ತಮ್ಮಾ ಇದು?" ಎನ್ನುತ್ತಲೇ ಹುಣಸೆಬೀಜ ಎತ್ತಿಕೊಂಡಳು. ಬಾಯಿಂದ ಹೇಳೆಂದರೆ ಹೇಳಲಾರಳು. ಕೈ ತಾನಾಗಿ ನಡೆಯುತ್ತಿತ್ತು. ಸೋತವರು ಬಿಟ್ಟುಕೊಡುವ ಗುಳಿಗಳ ಲೆಕ್ಕ ಬಂದಾಗ ಮಾತ್ರ ಕೈ ನಿಂತಿತು. ಒಮ್ಮೆ ಒಂದು ರೀತಿ ಆಡಿದಳು, ತಲೆಯಾಡಿಸಿ ಇನ್ನೊಂದು ರೀತಿ ಆಡಿದಳು. "ಎರಡರಾಗ ಯಾವುದೋ ಒಂದು" ಎಂದಳು. ಎರಡನ್ನೂ ವಹಿಯಲ್ಲಿ ಪಾಠಾಂತರಗಳೆಂದು ಬರೆದುಕೊಂಡೆ, ತಾರೀಖು ಹಾಕಿದೆ, ಅತ್ತೆಯ ಹೆಸರನ್ನೂ ಬರೆದೆ.